ಗುಂಡ್ಯದಲ್ಲಿ ಜಿಪಿಎಸ್ ಮಾಯ, ಡ್ರೈವರ್ ಫೋನೂ ಇಲ್ಲ, ಯಾರಾದ್ರೂ ಹೆಲ್ಪ್ ಮಾಡಿ

ಲೋಡ್_ಆಫೀಸ್:
ಸಾರ್ ತಲೆ ಕೆಟ್ಟುಹೋಗಿದೆ. ಪಣಂಬೂರಿಂದ ನೆಲಮಂಗಲಕ್ಕೆ ಲೋಡು, ರಾತ್ರಿ 11:40ಕ್ಕೆ ಗುಂಡ್ಯ ತೋರಿಸ್ತು, ಆಮೇಲೆ ಆಫ್‌ಲೈನ್, ಬೆಳಗಿನ ಜಾವ 3:05ಕ್ಕೆ ವಾಪಸ್ ಬಂತು. ಈ ತಿಂಗಳಲ್ಲಿ ನಾಲ್ಕನೇ ಸಲ. ಡ್ರೈವರ್‌ಗೆ ಕಾಲ್ ಹೋಗಲ್ಲ. ಪಾರ್ಟಿ ಗಾಡಿ ಎಲ್ಲಿ ಅಂತ ನನ್ನ ಜೀವ ತಿಂತಾರೆ, ಓನರ್ ನೋಡಿದ್ರೆ ಅವ್ನು ಡೀಸೆಲ್ ಕದ್ದು ಇಳಿಸ್ತಿದಾನೆ ಅಂತಾರೆ. ಜಿಪಿಎಸ್ ಡಿವೈಸ್ ಹಾಕ್ದವ್ರು ಫೋನೇ ಎತ್ತಲ್ಲ.

ಘಾಟಿ_10ಗಾಲಿ:
ಶಿರಾಡಿ ಘಾಟಿ ಅಲ್ವಾ ಮಾರಾಯ್ರೆ, ನೆಟ್‌ವರ್ಕೇ. ಗುಂಡ್ಯ ಬಿಟ್ರೆ ಮಾರನಹಳ್ಳಿ ಕಡೆಗೆಲ್ಲ ಕಾಡು. ಸಿಮ್ ಚೇಂಜ್ ಮಾಡಿ.

ತುಮಕೂರ್_ಟಿಪ್ಪರ್:
ಯಾವ ಸಿಮ್, ಯಾವ ಡಿವೈಸ್ ಹೇಳ್ದೆ ಹೆಂಗೆ ಗುರು. 2ಜಿ ಡಿವೈಸಿಗೆ ಜಿಯೋ ಸಿಮ್ ಹಾಕಿದ್ರೆ ಘಾಟಿ ಅಲ್ಲ, ವಿಧಾನಸೌಧದ ಮುಂದೇನೂ ನಡಿಯಲ್ಲ.

ಲೋಡ್_ಆಫೀಸ್:
ಏರ್‌ಟೆಲ್ ಸಾರ್. ಬೇರೆ ಕಡೆ ಎಲ್ಲಾ ಸರಿಯಾಗೇ ಬರುತ್ತೆ.

ಘಾಟಿ_10ಗಾಲಿ:
ಹಾಗಾದ್ರೆ ನೆಟ್‌ವರ್ಕೇ ಅಂತ ಗ್ಯಾರಂಟಿ. ಬಿಎಸ್ಸೆನ್ನೆಲ್ ಹಾಕಿ ನೋಡಿ.

ಬಿಲ್ಟಿ_ಬುಕ್:
ಮೊದ್ಲು ಇ-ವೇ ಬಿಲ್ (ಸರಕು ಸಾಗಿಸೋಕೆ ಬೇಕಾದ ಜಿಎಸ್‌ಟಿ ಚೀಟಿ) ನೋಡ್ಕೊಳಿ, 100 ಕಿಮೀಗೆ ಒಂದು ದಿನ, ಗಾಡಿ ಹಿಂಗೆ ನಿಂತ್ರೆ ಎಕ್ಸ್‌ಪೈರ್ ಆಗುತ್ತೆ.

ತುಮಕೂರ್_ಟಿಪ್ಪರ್:
100 ಹೋಗಿ 200 ಆಗಿದ್ದು 2021ರ ಜನವರಿಯಲ್ಲಿ. ಗೊತ್ತಿಲ್ದಿದ್ರೆ ಹೆದರಿಸ್ಬೇಡಿ.

ಬಿಲ್ಟಿ_ಬುಕ್:
ಮುಗಿದ ಮೇಲೆ ಎಕ್ಸ್‌ಟೆಂಡ್ ಮಾಡೋಕೆ 8 ಗಂಟೆ ಟೈಮ್ ಅಷ್ಟೆ, ಅದನ್ನ ಹೇಳ್ತಿದ್ದೆ. ಎಚ್ಚರ ಹೇಳೋದು ತಪ್ಪಾ?

ವೈರಿಂಗ್_ಹಾಸನ:
ಇಬ್ರೂ ಒಂದ್ನಿಮಿಷ ಸುಮ್ನಿರಿ. ಲೋಡ್ ಆಫೀಸ್ ಅಣ್ಣಾ, 3:05ಕ್ಕೆ ವಾಪಸ್ ಬಂದಾಗ ಗಾಡಿ ಎಲ್ಲಿತ್ತು? ಮಧ್ಯದ ಪಾಯಿಂಟ್‌ಗಳು ಆಮೇಲಾದ್ರೂ ಮ್ಯಾಪಲ್ಲಿ ತುಂಬ್ಕೊಂಡ್ವಾ? ಡ್ರೈವರ್ ನಂಬರ್ ಸ್ವಿಚ್ಡ್ ಆಫ್ ಅಂತಿತ್ತಾ, ನಾಟ್ ರೀಚಬಲ್ ಅಂತಿತ್ತಾ?

ಲೋಡ್_ಆಫೀಸ್:
ಗುಂಡ್ಯದಲ್ಲೇ ಇತ್ತು ಸಾರ್, ಅದೇ ಹೋಟ್ಲು. ಮಧ್ಯ ಖಾಲಿ, ಈಗ್ಲೂ ಖಾಲಿ. ಫೋನ್ ಸ್ವಿಚ್ಡ್ ಆಫ್. ಕೇಳಿದ್ರೆ ಮುಂದೆ ಜಾಮ್ ಇತ್ತು, ಮಲಗಿದ್ದೆ ಅಂತಾನೆ.

ವೈರಿಂಗ್_ಹಾಸನ:
ನೆಟ್‌ವರ್ಕ್ ಅಲ್ಲ. ನೆಟ್‌ವರ್ಕ್ ಹೋದ್ರೆ ಡಿವೈಸ್ ಪಾಯಿಂಟ್‌ಗಳನ್ನ ಒಳಗೇ ಇಟ್ಕೊಂಡು ಸಿಗ್ನಲ್ ಬಂದ ತಕ್ಷಣ ಕಳಿಸುತ್ತೆ, ಗೆರೆ ತುಂಬ್ಕೊಳುತ್ತೆ. ಖಾಲಿ ಉಳೀತು ಅಂದ್ರೆ ಡಿವೈಸಿಗೆ ಕರೆಂಟೇ ಇರ್ಲಿಲ್ಲ. ಗಾಡೀಲಿ ಕಟಾಫ್ ಸ್ವಿಚ್ ಇದ್ಯಾ, ಬ್ಯಾಟರಿಯಿಂದ ಬರೋ ಕರೆಂಟೆಲ್ಲ ಒಂದೇ ಸಲ ಬಂದ್ ಮಾಡೋದು?

ಲೋಡ್_ಆಫೀಸ್:
ಹೋದ ತಿಂಗ್ಳು ಹಾಕ್ಸಿದ್ವಿ, ಬ್ಯಾಟರಿ ಇಳೀತಿತ್ತು ಅಂತ. ಅದಕ್ಕೂ ಇದಕ್ಕೂ ಏನ್ ಸಂಬಂಧ?

ವೈರಿಂಗ್_ಹಾಸನ:
ಅದೇ ಸಂಬಂಧ. ಮಲಗೋವಾಗ ಕಟಾಫ್ ತೆಗೀತಾನೆ, ಅಂದ್ರೆ ಆಫ್ ಮಾಡ್ತಾನೆ, ಜಿಪಿಎಸ್ಸೂ ಸತ್ತುಹೋಗುತ್ತೆ, ಮೊಬೈಲ್ ಚಾರ್ಜರ್ರೂ ಸತ್ತುಹೋಗುತ್ತೆ. ಡಿವೈಸ್ ಒಳಗಿನ ಚಿಕ್ಕ ಬ್ಯಾಟರಿ ಹಾಳಾಗಿರುತ್ತೆ, ಇಲ್ದಿದ್ರೆ ಪವರ್ ಕಟ್ ಅಲರ್ಟ್ ಬರ್ಬೇಕಿತ್ತು. ಅವ್ನನ್ನ ಕಳ್ಳ ಅನ್ಬೇಡಿ, ನೀವು ಹಾಕ್ಸಿದ ಸ್ವಿಚ್ಚನ್ನೇ ಅವ್ನು ತೆಗ್ದಿದ್ದು.

ಬಳ್ಳಾರಿ_ಫ್ಲೀಟ್:
ನಮ್ಮಲ್ಲಿ ಗಾಡಿಗೆ ಎರಡೆರಡು ಜಿಪಿಎಸ್, ಮುಂದೆ ಹಿಂದೆ ಕ್ಯಾಮೆರಾ, ಆಫೀಸಲ್ಲಿ 55 ಇಂಚ್ ಟಿವಿ, ಇಂಥಾ ತಲೆನೋವೇ ಇಲ್ಲ.

ಸ್ಟೇರಿಂಗ್_22:
ನಾನು ಡ್ರೈವರ್. ಟಿವಿ ಹಾಕಿ ಸಾರ್, ಆದ್ರೆ ಅದ್ರಲ್ಲಿ ಘಾಟಿ ತಿರುವು ಕಾಣ್ಸುತ್ತಲ್ಲ, ಆವಾಗ ಕಾಲ್ ಮಾಡ್ಬೇಡಿ. ಲೋಡ್ ಹಾಕ್ಕೊಂಡು ಎರಡನೇ ಗೇರಲ್ಲಿ ಹತ್ತಿಸ್ತಿರ್ತೀವಿ, ಎದುರು ಬಸ್ಸು, ಇಲ್ಲಿ ಫೋನ್ ಹೊಡ್ಕೊಳ್ತಾನೇ ಇರುತ್ತೆ. ವಾಟ್ಸಪ್ಪಲ್ಲಿ ವಾಯ್ಸ್ ಹಾಕಿ, ಘಾಟಿ ಮೇಲಿನ ದೋಣಿಗಾಲ್ ದಾಟಿ ನಿಲ್ಸಿ ನಾವೇ ಮಾಡ್ತೀವಿ.

ಲೋಡ್_ಆಫೀಸ್:
ಡಿವೈಸಿನ ಕೆಂಪು ವೈರ್ ಡೈರೆಕ್ಟ್ ಬ್ಯಾಟರಿಗೆ ಹಾಕ್ಸಿದೆ, ಫ್ಯೂಸ್ ಸಮೇತ. ಕಟಾಫ್ ತೆಗೆದ್ರೆ ಈಗ್ಲೂ ಆಫ್!!

ಘಾಟಿ_10ಗಾಲಿ:
ಸಿಮ್ಮೇ ಅಂತ ಆವಾಗ್ಲೇ ಹೇಳ್ದೆ.

ವೈರಿಂಗ್_ಹಾಸನ:
ನಿಮ್ಮ ಕಟಾಫ್ ನೆಗೆಟಿವ್ ಕಡೆ ಇರುತ್ತೆ, ಡಿವೈಸಿನ ಕಪ್ಪು ವೈರನ್ನ ಗಾಡಿ ಚಾಸಿಗೆ ಕೊಟ್ಟಿದಾರೆ. ಅದನ್ನೂ ಸ್ವಿಚ್ಚಿಗಿಂತ ಮುಂಚೆ ಬ್ಯಾಟರಿ ನೆಗೆಟಿವ್‌ಗೇ ಹಾಕ್ಸಿ. 24 ವೋಲ್ಟ್ ಗಾಡಿ, ಎರಡು ಬ್ಯಾಟರಿ ಮಧ್ಯದಿಂದ 12 ಎತ್ತಬೇಡಿ, ಒಂದು ಬ್ಯಾಟರಿ ಬೇಗ ಕೂತ್ಕೊಳುತ್ತೆ. ಡ್ರೈವರ್‌ಗೆ ಒಂದು ಪವರ್ ಬ್ಯಾಂಕ್ ಕೊಡ್ಸಿ.

ಲೋಡ್_ಆಫೀಸ್:
ಆಯ್ತು ಸಾರ್, ಕಟಾಫ್ ತೆಗೆದ್ರೂ ಆನ್‌ಲೈನ್ ಇದೆ. ಪವರ್ ಬ್ಯಾಂಕ್ ಕೊಡ್ಸಿದೀನಿ. ಮೂರು ಸಲ ಬೈದಿದ್ದೆ ಅವ್ನಿಗೆ, ಫೋನ್ ಮಾಡಿ ನಂದೇ ತಪ್ಪು ಅಂದೆ. ಓನರ್‌ಗೂ ಮ್ಯಾಪ್ ತೋರ್ಸಿ ಹೇಳ್ತೀನಿ.

ತುಮಕೂರ್_ಟಿಪ್ಪರ್:
ನಮ್ ಟಿಪ್ಪರಲ್ಲಿ ಕಟಾಫೇ ಇಲ್ಲ, ಆದ್ರೂ ದಿನಾ ಸಂಜೆ ಆಫ್‌ಲೈನ್ ಆಗುತ್ತೆ. ಅದು ಏನಿರ್ಬೋದು?