ಮಗನ ತೂಕ ಇಳಿಸಲು ಅಪ್ಪ ಅಮ್ಮನಿಗೂ ಟ್ರೀಟ್‌ಮೆಂಟಾ? ಎಪ್‌ಸ್ಟೀನ್ ಸಂಶೋಧನೆ ಓದಿದವರು ಇದ್ದೀರಾ

ಕುಂಜಿಬೆಟ್ಟು ಅಮ್ಮ

ನಮಸ್ಕಾರ ಎಲ್ರಿಗೂ. ಮಗನಿಗೆ ಒಂಬತ್ತು ವರ್ಷ. ಬೆಳಿಗ್ಗೆ ಯೂನಿಫಾರ್ಮ್ ಚಡ್ಡಿಯ ಹುಕ್ ಹಾಕುವಾಗ ಉಸಿರು ಒಳಗೆ ಎಳೆದು ನಿಲ್ಲುತ್ತಾನೆ, ಹಾಕಿ ಆದ ಮೇಲೆ ಬಿಡುತ್ತಾನೆ. ಮಕ್ಕಳ ಡಾಕ್ಟರು ಬಿಎಂಐ (ಉದ್ದಕ್ಕೆ ತಕ್ಕ ತೂಕದ ಲೆಕ್ಕ) ಚಾರ್ಟಿನಲ್ಲಿ ಚುಕ್ಕೆ ಹಾಕಿ ತೋರಿಸಿದರು. ದೊಡ್ಡವರ ಬಿಎಂಐ 27ಕ್ಕೆ ಸಮ ಅಂತ ಒಂದು ಗೆರೆ ಉಂಟಲ್ಲ, ಅದರ ಮೇಲೆ ಇದ್ದಾನೆ. ಅಂದ್ರೆ ಬೊಜ್ಜು ಎಂದೇ ಲೆಕ್ಕ. ಅತ್ತೆಗೆ ಇದು ಒಪ್ಪಿಗೆಯೇ ಇಲ್ಲ, "ಉದ್ದ ಆಗುವಾಗ ಸರಿಯಾಗ್ತದೆ, ಸುಮ್ನೆ ಮಗುವಿನ ಹೊಟ್ಟೆಗೆ ಕಣ್ಣು ಹಾಕಬೇಡಿ" ಅಂತ.

ಡಾಕ್ಟರೇ ಲಿಯೊನಾರ್ಡ್ ಎಪ್‌ಸ್ಟೀನ್ ಅನ್ನುವವರ ಹೆಸರು ಹೇಳಿದ್ದು. ಅಮೆರಿಕದ ಬಫಲೋ ವಿಶ್ವವಿದ್ಯಾಲಯದವರು, ಮಗುವಿಗೆ ಮಾತ್ರ ಅಲ್ಲ, ಅಪ್ಪ ಅಮ್ಮನಿಗೂ ಸೇರಿಸಿ ಚಿಕಿತ್ಸೆ ಮಾಡಬೇಕು ಅಂತಾರಂತೆ. ನನ್ನ ಗಂಡನಿಗೂ ಹೊಟ್ಟೆ ಉಂಟು, ಸಂಜೆ ಐದಕ್ಕೆ ಗೋಳಿಬಜೆ ಪೊಟ್ಟಣ ತರುವುದೂ ಅವರೇ. ಮಗನಿಗೆ ಮಾತ್ರ ಡಯಟ್ ಮಾಡಿಸಿದರೆ ಸಾಕಾಗುವುದಿಲ್ವಾ? ಓದಿದವರು ಹೇಳಿ.

ಮಣಿಪಾಲ ನೈಟ್‌ಶಿಫ್ಟ್

ಸಾಕಾಗುವುದಿಲ್ಲ ಅಂತಲೇ ಅವರ ಕೆಲಸ ತೋರಿಸಿದ್ದು. 1990ರಲ್ಲಿ ಜಾಮಾ ಅನ್ನುವ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಹತ್ತು ವರ್ಷದ ಫಾಲೋಅಪ್ ಉಂಟು, ಅದನ್ನು ನೋಡಿ. 6ರಿಂದ 12 ವರ್ಷದ ಮಕ್ಕಳ ಕುಟುಂಬಗಳನ್ನು ಮೂರು ಗುಂಪು ಮಾಡಿದ್ದರು. ಇದರಲ್ಲಿ ಮಜಾ ಎಂತ ಅಂದ್ರೆ, ಊಟ, ವ್ಯಾಯಾಮದ ಪಾಠ ಮೂರು ಗುಂಪಿಗೂ ಹೆಚ್ಚುಕಡಿಮೆ ಒಂದೇ. ಬೇರೆ ಇದ್ದದ್ದು ಶಾಭಾಸ್ ಯಾರಿಗೆ ಸಿಗ್ತದೆ ಅನ್ನುವುದು ಮಾತ್ರ. ಒಂದು ಗುಂಪಿನಲ್ಲಿ ಮಗು ಮತ್ತು ಪೋಷಕರು ಇಬ್ಬರೂ ತೂಕ ಇಳಿಸಿ ಅಭ್ಯಾಸ ಬದಲಿಸಿದರೆ ಪ್ರೋತ್ಸಾಹ, ಇನ್ನೊಂದರಲ್ಲಿ ಮಗುವಿಗೆ ಮಾತ್ರ, ಮೂರನೆಯದರಲ್ಲಿ ಸುಮ್ನೆ ಕ್ಲಾಸಿಗೆ ಬಂದದ್ದಕ್ಕೆ.

ಹತ್ತು ವರ್ಷ ಕಳೆದ ಮೇಲೆ ಮೊದಲ ಗುಂಪಿನ ಮಕ್ಕಳಲ್ಲಿ ಹೆಚ್ಚುವರಿ ತೂಕದ ಶೇಕಡಾವಾರು (ಇರಬೇಕಾದ ತೂಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅನ್ನುವ ಲೆಕ್ಕ) 7.5 ಇಳಿದಿತ್ತು. ಮಗುವಿಗೆ ಮಾತ್ರ ಅಂದ ಗುಂಪಿನಲ್ಲಿ 4.5 ಏರಿತ್ತು. ಕ್ಲಾಸಿಗೆ ಬಂದು ಹೋದವರಲ್ಲಿ 14.3 ಏರಿತ್ತು. ಗೊತ್ತಿದ್ದದ್ದು ಎಲ್ಲರಿಗೂ ಒಂದೇ ಮಾರಾಯ್ರೆ. ಮನೆಯಲ್ಲಿ ಯಾರು ಬದಲಾದರು ಅನ್ನುವುದರಲ್ಲೇ ವ್ಯತ್ಯಾಸ.

ಸುರತ್ಕಲ್ ಅಪ್ಪ

ನಮ್ಮ ಮನೆಯಲ್ಲಿ ಅವರ ಟ್ರಾಫಿಕ್ ಲೈಟ್ ಪದ್ಧತಿ ನಡೀತಾ ಉಂಟು. ತಿಂಡಿಗಳಿಗೆ ಹಸಿರು, ಹಳದಿ, ಕೆಂಪು ಬಣ್ಣ. ಹಸಿರು ಧಾರಾಳ ತಿನ್ನಬಹುದು, ಹಳದಿ ಅಳತೆಯಲ್ಲಿ, ಕೆಂಪು ವಾರಕ್ಕೆ ಇಷ್ಟೇ ಸಲ ಅಂತ ಮಿತಿ. ಪೂರ್ತಿ ಬಂದ್ ಅಲ್ಲ, ಅದಕ್ಕೇ ಮಕ್ಕಳು ಒಪ್ಪುತ್ತಾರೆ ಅಂತ ನನ್ನ ಅಂದಾಜು. ತಿಂದದ್ದನ್ನು ಮಗು ತಾನೇ ಬರೀಬೇಕು.

ಅಮೆರಿಕದ ಪಟ್ಟಿ ನಮಗೆ ಉಪಯೋಗಕ್ಕೆ ಬರುವುದಿಲ್ಲ, ನಾವೇ ಕೂತು ಬಣ್ಣ ಹಾಕಬೇಕಾಯಿತು. ಗಡ್‌ಬಡ್, ಗೋಳಿಬಜೆ, ಬಾಳೆಕಾಯಿ ಚಿಪ್ಸ್ ಕೆಂಪು, ಅದರಲ್ಲಿ ಚರ್ಚೆ ಇಲ್ಲ. ಬನ್ಸಿಗೆ ಮನೆಯಲ್ಲಿ ದೊಡ್ಡ ಜಗಳ ಆಯಿತು, ಬಾಳೆಹಣ್ಣು ಹಾಕಿದ್ದಲ್ವಾ ಅಂತ ಮಗಳ ವಾದ. ಮೈದಾ, ಸಕ್ಕರೆ, ಮೇಲಿಂದ ಎಣ್ಣೆಯಲ್ಲಿ ಕರಿದದ್ದು, ಹಾಗಾಗಿ ಕೆಂಪು. ನೀರ್ ದೋಸೆ, ಕುಚ್ಚಲಕ್ಕಿ ಗಂಜಿ ಹಳದಿ. ಬಂಗುಡೆ ಪುಳಿಮುಂಚಿ ಹಳದಿ, ಅದೇ ಬಂಗುಡೆ ಎಣ್ಣೆಯಲ್ಲಿ ಮುಳುಗಿಸಿ ಕಾಯಿಸಿದರೆ ಕೆಂಪು. ಹರಿವೆ, ಬಸಳೆ, ಸೌತೆ ಹಸಿರು, ಆದರೆ ಒಂದು ಇಡೀ ಕಾಯಿ ಅರೆದು ಹಾಕಿದರೆ ಆ ಹಸಿರು ಎಲ್ಲಿ ಉಳೀತದೆ? ನಮ್ಮ ಊರಿನವರು ಮರೆಯುವುದು ಈ ತೆಂಗಿನಕಾಯಿಯನ್ನೇ.

ಅಜ್ಜರಕಾಡು ವಾಕರ್

ಇದೆಲ್ಲ ತಲೆಬಿಸಿ ಯಾಕೆ? ಮಗುವನ್ನು ದಿನಾ ಒಂದು ಗಂಟೆ ಗ್ರೌಂಡಿನಲ್ಲಿ ಓಡಿಸಿ, ತಾನಾಗಿ ಇಳೀತದೆ. ನಾವೆಲ್ಲ ಡಯಟ್ ಮಾಡಿ ದೊಡ್ಡವರಾದದ್ದಾ?

ಮಣಿಪಾಲ ನೈಟ್‌ಶಿಫ್ಟ್

ಓಡಿಸಿ, ಒಳ್ಳೇದೇ. ಆದ್ರೆ ಅದನ್ನೂ ಎಪ್‌ಸ್ಟೀನ್ ಪರೀಕ್ಷೆ ಮಾಡಿದ್ದಾರೆ. 1995ರ ಅಧ್ಯಯನದಲ್ಲಿ ವ್ಯಾಯಾಮ ಜಾಸ್ತಿ ಮಾಡಿದ್ದಕ್ಕೆ ಮೆಚ್ಚುಗೆ ಸಿಕ್ಕ ಮಕ್ಕಳಿಗಿಂತ, ಟಿವಿ ಮುಂದೆ ಕೂರುವುದನ್ನು ಕಡಿಮೆ ಮಾಡಿದ್ದಕ್ಕೆ ಮೆಚ್ಚುಗೆ ಸಿಕ್ಕ ಮಕ್ಕಳ ತೂಕ ಒಂದು ವರ್ಷದಲ್ಲಿ ಹೆಚ್ಚು ಸುಧಾರಿಸಿತು. 2008ರಲ್ಲಿ 4ರಿಂದ 7 ವರ್ಷದ 70 ಮಕ್ಕಳ ಮೇಲೆ ಇನ್ನೊಂದು. ಕೆಲವರ ಮನೆಯ ಟಿವಿಗೂ ಕಂಪ್ಯೂಟರಿಗೂ ಒಂದು ಯಂತ್ರ ಜೋಡಿಸಿ ಸಮಯವನ್ನು ಅರ್ಧಕ್ಕೆ ಇಳಿಸಿದರು. ಬಿಎಂಐ ಇಳಿಯಿತು, ಆದರೆ ಮಕ್ಕಳು ಜಾಸ್ತಿ ಓಡಾಡಿದ್ದರಿಂದ ಅಲ್ಲ, ತಿಂದದ್ದು ಕಡಿಮೆ ಆದದ್ದರಿಂದ.

ನಮಗೆ ಇದು ಬಹಳ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಡುಪಿಯಲ್ಲಿ ಮಗುವನ್ನು ಎಲ್ಲಿ ಓಡಿಸುವುದು? ಗ್ರೌಂಡೇ ಕೆರೆ. ಮೊಬೈಲ್ ಹಿಡಿದು ಚಿಪ್ಸ್ ತಿನ್ನುವುದನ್ನು ನಿಲ್ಲಿಸಲಿಕ್ಕೆ ಮಳೆ ಅಡ್ಡ ಬರುವುದಿಲ್ಲ.

ಒಂದು ಎಚ್ಚರಿಕೆ. ಅವರದ್ದು ತರಬೇತಿ ಪಡೆದವರು ಬೆನ್ನಿಗೆ ನಿಂತು, ತಿಂಗಳುಗಟ್ಟಲೆ ಭೇಟಿ ಮಾಡಿ ನಡೆಸಿದ ಕಾರ್ಯಕ್ರಮ. ಫ್ರಿಜ್ಜಿಗೆ ಬಣ್ಣದ ಚೀಟಿ ಅಂಟಿಸಿದ ಕೂಡಲೇ ಅದೇ ಫಲಿತಾಂಶ ಬರುವುದಿಲ್ಲ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪ ಆಗಿದ್ದರೆ, ರಾತ್ರಿ ಜೋರು ಗೊರಕೆ ಇದ್ದರೆ ಡಾಕ್ಟರಿಗೆ ಮೊದಲು ಅದನ್ನು ಹೇಳಿ. ಅತ್ತೆಯವರ ಮಾತಿನಲ್ಲೂ ಸ್ವಲ್ಪ ಸತ್ಯ ಉಂಟು. ಬೆಳೆಯುವ ಮಗುವಿಗೆ ಎಷ್ಟೋ ಸಲ ತೂಕ ಇಳಿಯಲೇಬೇಕು ಅಂತಿಲ್ಲ, ಏರದೆ ನಿಂತರೂ ಉದ್ದ ಆಗುವಾಗ ಬಿಎಂಐ ಸರಿ ಬರ್ತದೆ. ಆದರೆ ಅದು ತಾನಾಗಿ ನಿಲ್ಲುವುದಿಲ್ಲ ಅಲ್ವಾ.

ಕುಂಜಿಬೆಟ್ಟು ಅಮ್ಮ

ತುಂಬಾ ಥ್ಯಾಂಕ್ಸ್. 7.5, 4.5, 14.3 ಅಂತ ಚೀಟಿಯಲ್ಲಿ ಬರೆದು ಗಂಡನ ಮುಂದೆ ಇಟ್ಟೆ. "ಹಾಗಾದ್ರೆ ಗೋಳಿಬಜೆ ಶನಿವಾರ ಮಾತ್ರ" ಅಂದರು, ಮುಖ ಮಾತ್ರ ನೋಡ್ಲಿಕ್ಕಾಗಲಿಲ್ಲ. ಇನ್ನೊಂದು ಡೌಟು. ಮಗಳಿಗೆ ಐದು ವರ್ಷ, ಸಪೂರ ಇದ್ದಾಳೆ. ಅವಳಿಗೂ ಇದೇ ನಿಯಮವಾ? ಅಣ್ಣನಿಗೆ ಸಿಗದ್ದು ಅವಳಿಗೆ ಸಿಕ್ಕಿದರೆ ಮನೆಯಲ್ಲಿ ಯುದ್ಧ.

ಸುರತ್ಕಲ್ ಅಪ್ಪ

ಮನೆಗೆ ತರುವ ಸಾಮಾನು ಎಲ್ಲರಿಗೂ ಒಂದೇ ಇರಲಿ. ಅವಳ ಊಟದ ಅಳತೆ ಕಡಿಮೆ ಮಾಡಬೇಡಿ, ಹಸಿದಾಗ ಇನ್ನೊಂದು ದೋಸೆ ಹಾಕಿ ಕೊಡಿ. ಮಗನಿಗೆ ಬಹುಮಾನ ಅಂತ ಐಸ್‌ಕ್ರೀಮ್ ಮಾತ್ರ ಬೇಡ, ಮಲ್ಪೆ ಬೀಚಿಗೆ ಕರ್ಕೊಂಡು ಹೋಗಿ.

ಮಣಿಪಾಲ ನೈಟ್‌ಶಿಫ್ಟ್

ಹೌದು. 2023ರಲ್ಲಿ ಜಾಮಾದಲ್ಲಿ ಬಂದ ಎಪ್‌ಸ್ಟೀನ್ ಅವರ ದೊಡ್ಡ ಪ್ರಯೋಗ, 452 ಮಕ್ಕಳು, ಎರಡು ವರ್ಷ, ಎಲ್ಲವೂ ಮಕ್ಕಳ ಡಾಕ್ಟರ ಕ್ಲಿನಿಕ್ಕುಗಳಲ್ಲೇ ನಡೆದದ್ದು. ಮಕ್ಕಳ ಜೊತೆ ಪೋಷಕರ ತೂಕವೂ ಸುಧಾರಿಸಿತು, ಚಿಕಿತ್ಸೆಗೇ ಸೇರದ ಒಡಹುಟ್ಟಿದವರಲ್ಲೂ ವ್ಯತ್ಯಾಸ ಕಂಡಿತು. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಗಳನ್ನೂ ಕರ್ಕೊಂಡು ಹೋಗಿ, ಅವಳ ಚುಕ್ಕೆ ಚಾರ್ಟಿನಲ್ಲಿ ಎಲ್ಲಿ ಬೀಳ್ತದೆ ಅಂತ ಒಮ್ಮೆ ನೋಡಿಸಿ.