ಬೀದರಿನ ಕೆಂಪು ಮಣ್ಣಿನ ಕಾಲುದಾರಿಗಳು: ಓಟಗಾರರು, ಸೈಕಲ್ ಸವಾರರು ಕೂಡಿ ಬಳಸುವುದು ಹೇಗೆ?

ಪ್ರಶ್ನೆ (ಓಟಗಾರ್ತಿ, ಬೀದರ್):
ನಮ್ಮೂರ ಬಳಿಯ ಹೊನ್ನಿಕೇರಿ ಕಾಡಿನ ಕಡೆಯ ಕಾಲುದಾರಿಗಳಲ್ಲಿ ಬೆಳಗಿನ ಹೊತ್ತು ಓಡುವವರೂ ಮೌಂಟೇನ್ ಬೈಕ್ ಸವಾರರೂ ಈಗ ಒಟ್ಟಿಗೇ ಸೇರುತ್ತಿದ್ದಾರೆ. ಇಳಿಜಾರಿನ ತಿರುವಿನಲ್ಲಿ ಸೈಕಲ್ ಎದುರಾದರೆ ಓಟಗಾರರು ಗಾಬರಿಯಿಂದ ಹುಲ್ಲಿಗಿಳಿಯುತ್ತಾರೆ. ಇಯರ್‌ಫೋನ್ ಹಾಕಿಕೊಂಡು ಜೋಡಿಯಾಗಿ ಓಡುವವರಿಂದ ಸವಾರರಿಗೂ ತೊಂದರೆಯಾಗುತ್ತಿದೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ದಾರಿಯ ಸ್ಥಿತಿ. ಒಬ್ಬರು ನಡೆಯುವಷ್ಟಿದ್ದ ಹಾದಿ ಈ ಮಳೆಗಾಲದಲ್ಲಿ ಕೆಲವೆಡೆ ಎತ್ತಿನ ಬಂಡಿ ಹೋಗುವಷ್ಟು ಅಗಲವಾಗಿದೆ. ಯಾರು ಯಾರಿಗೆ ದಾರಿ ಬಿಡಬೇಕು, ದುರಸ್ತಿಯನ್ನು ನಾವೇ ಮಾಡಬಹುದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಸೈಕಲ್ ಸವಾರ, ಕಲಬುರಗಿ):
ದಾರಿ ಬಿಡುವ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಲ್ಲ. 1988ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಮೌಂಟೇನ್ ಬೈಸಿಕ್ಲಿಂಗ್ ಸಂಘದ ನಿಯಮಗಳ ಪ್ರಕಾರ, ಸವಾರನು ನಡೆಯುವವರಿಗೂ ಓಡುವವರಿಗೂ ದಾರಿ ಬಿಡಬೇಕು. ಇಬ್ಬರು ಸವಾರರು ಎದುರಾದರೆ ಇಳಿಯುವವನು ಏರುವವನಿಗೆ ಬಿಡಬೇಕು. ಆದರೆ ದಾರಿ ಬಿಡುವುದೆಂದರೆ ಹುಲ್ಲಿನ ಮೇಲೆ ಸೈಕಲ್ ಹತ್ತಿಸಿ ಸುತ್ತಿ ಹೋಗುವುದಲ್ಲ. ಹಾದಿಯ ಅಂಚಿನಲ್ಲೇ ನಿಂತು, ಒಂದು ಕಾಲು ನೆಲಕ್ಕೆ ಊರಿ, ಎದುರಿನವರು ದಾಟುವವರೆಗೆ ಕಾಯುವುದು. ನಿಮ್ಮ ದಾರಿ ಅಗಲವಾಗಿರುವುದಕ್ಕೆ ಇದೇ ಮುಖ್ಯ ಕಾರಣವಿರಬೇಕು: ಪರಸ್ಪರ ತಪ್ಪಿಸಿಕೊಳ್ಳಲು, ರಾಡಿಯನ್ನು ತಪ್ಪಿಸಲು ಎಲ್ಲರೂ ಪಕ್ಕಕ್ಕೆ ಸರಿಯುತ್ತಾರೆ, ಬೇರು ಸಮೇತ ಹುಲ್ಲು ಸಾಯುತ್ತದೆ, ಮುಂದಿನ ಮಳೆಗೆ ಅಲ್ಲಿಯೂ ರಾಡಿಯಾಗುತ್ತದೆ. ಸಣ್ಣ ಗುಂಡಿಯಲ್ಲಿ ನೀರಿದ್ದರೆ ಅದರ ನಡುವೆಯೇ ಹಾಯ್ದು ಹೋಗುವುದು ಸರಿಯಾದ ಕ್ರಮ. ಹಾದಿಯುದ್ದಕ್ಕೂ ಹೆಜ್ಜೆ ಆಳವಾಗಿ ಹೂಳುತ್ತಿದ್ದರೆ ಓಟಗಾರರೂ ಸವಾರರೂ ಅಂದು ಹಿಂದಿರುಗಬೇಕು.

ಇಳಿಜಾರಿನಲ್ಲಿ ಹಿಂದಿನ ಬ್ರೇಕನ್ನು ಬಿಗಿಹಿಡಿದು ಚಕ್ರ ಜಾರಿಸುವುದನ್ನು ನಮ್ಮ ಸವಾರರು ಕೂಡಲೇ ಬಿಡಬೇಕು. ಆ ಗೀರೇ ಮಳೆನೀರಿಗೆ ಕಾಲುವೆಯಾಗುತ್ತದೆ. ನೀರು ಹಾದಿಯುದ್ದಕ್ಕೆ ಹರಿಯದೆ ಅಡ್ಡಲಾಗಿ ಹೊರಗೆ ಹೋಗಬೇಕಾದರೆ, ಹಾದಿಯ ಹೊರಅಂಚು, ಅಂದರೆ ಇಳಿಜಾರಿನ ಕೆಳಬದಿಯ ಅಂಚು, ಒಳಅಂಚಿಗಿಂತ ಸ್ವಲ್ಪ ತಗ್ಗಾಗಿರಬೇಕು. ಒಂದು ಮೀಟರ್ ಅಗಲಕ್ಕೆ ಸುಮಾರು 5 ಸೆಂಟಿಮೀಟರ್ ಸಾಕು. ನಮ್ಮ ಕಲಬುರಗಿಯ ಎರೆ ಭೂಮಿಯಲ್ಲಿ ಇಷ್ಟೆಲ್ಲ ಹೇಳಬೇಕಾಗಿಲ್ಲ. ಮಳೆ ಬಿದ್ದರೆ ಕಪ್ಪು ಮಣ್ಣು ಚಕ್ರಕ್ಕೂ ಬೂಟಿಗೂ ಅಂಟಿ ತಾನೇ ತಡೆಯುತ್ತದೆ. ನಿಮ್ಮ ಮುರುಮಿನ (ಗರಸು ಕೆಂಪು ಮಣ್ಣಿನ) ನೆಲ ನೀರನ್ನು ಬೇಗ ಇಂಗಿಸಿಕೊಳ್ಳುವುದರಿಂದ ಬೇಗ ಬಳಕೆಗೆ ಬರುತ್ತದೆ, ಆದರೆ ಇಳಿಜಾರಿನಲ್ಲಿ ಅಷ್ಟೇ ಬೇಗ ಕೊರೆಯುತ್ತದೆ.

ಉತ್ತರ 2 (ಚಿಂಚೋಳಿ):
ಗುದ್ದಲಿ ಹಿಡಿಯುವ ಮೊದಲು ಆ ಜಾಗ ಯಾರದೆಂದು ತಿಳಿದುಕೊಳ್ಳಿ. ನಮ್ಮ ಚಿಂಚೋಳಿ ಕಾಡಿನ ಸುಮಾರು 134.88 ಚದರ ಕಿಲೋಮೀಟರ್ ಪ್ರದೇಶವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದ ಒಳಗೆ ಹೋಗುವುದಕ್ಕೇ ಪರವಾನಗಿ ಬೇಕು. ಮೀಸಲು ಅರಣ್ಯದಲ್ಲಿಯೂ ಇಲಾಖೆಯನ್ನು ಕೇಳದೆ ಗಿಡ ಕಡಿಯುವುದು, ಹೊಸ ಹಾದಿ ತೆಗೆಯುವುದು ಸಲ್ಲದು. ವಲಯ ಅರಣ್ಯಾಧಿಕಾರಿಗಳಿಗೆ ಲಿಖಿತ ಮನವಿ ಕೊಟ್ಟು, ಅವರ ಸಿಬ್ಬಂದಿಯೊಂದಿಗೇ ಶ್ರಮದಾನ ಮಾಡಿ.

ಉತ್ತರ 3 (ಓಟಗಾರ, ಯಾದಗಿರಿ):
ಇಲ್ಲಿಯವರೆಗೆ ಯಾರೂ ಕುರಿಗಾಹಿಗಳ ಮಾತೆತ್ತಲಿಲ್ಲ ಎಂಬುದು ನನಗೆ ನೋವಿನ ವಿಷಯ. ಆ ಹಾದಿಗಳನ್ನು ಸವೆಸಿ ಮಾಡಿದವರು ಅವರು ಮತ್ತು ಸೌದೆಗೆ ಹೋಗುವ ಹೆಂಗಸರು. ಹಿಂಡು ಎದುರಾದರೆ ಬೆಲ್ ಬಾರಿಸಬೇಡಿ, ಕುರಿಗಳು ಚದುರುತ್ತವೆ. ಸೈಕಲ್ಲಿನಿಂದ ಇಳಿದು, ಕಾಯುವವರನ್ನು ಮಾತನಾಡಿಸಿ, ಅವರು ಹೇಳಿದ ಕಡೆಯಿಂದ ದಾಟಿ. ಮನುಷ್ಯರನ್ನು ಹಿಂದಿನಿಂದ ದಾಟುವಾಗ ಮಾತ್ರ ದೂರದಿಂದಲೇ ಬೆಲ್ ಅಥವಾ ದನಿ ಅಗತ್ಯ. ಓಟಗಾರರು ಒಂದು ಕಿವಿಯನ್ನಾದರೂ ತೆರೆದಿಡಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಮೊದಲು ಅರಣ್ಯ ಇಲಾಖೆಗೆ ಮನವಿ ಕೊಡುತ್ತೇವೆ. ನೀರು ಹೊರಹಾಕಲು ಹಾದಿಗೆ ಅಡ್ಡಲಾಗಿ ಇಡುವ ಕಲ್ಲುಗಳಿಗೆ ಇಲ್ಲಿಯ ಜಂಬಿಟ್ಟಿಗೆ ಸಾಕಾಗುತ್ತದೆಯೆ?

ಉತ್ತರ 1 (ಸೈಕಲ್ ಸವಾರ, ಕಲಬುರಗಿ):
ಧಾರಾಳವಾಗಿ ಸಾಕು. ಜಂಬಿಟ್ಟಿಗೆ ಗಾಳಿಗೆ ತೆರೆದುಕೊಂಡಷ್ಟೂ ಗಟ್ಟಿಯಾಗುವ ಕಲ್ಲು. ಕಲ್ಲಿನ ಬಹುಪಾಲು ನೆಲದೊಳಗೆ ಹೂತಿರಲಿ, ಸಾಲು ಓರೆಯಾಗಿರಲಿ, ಕೆಳತುದಿಯಲ್ಲಿ ನೀರು ಹೊರಬೀಳುವ ಬಾಯಿಯನ್ನು ಪ್ರತಿ ದೊಡ್ಡ ಮಳೆಯ ನಂತರ ಹೂಳು ತೆಗೆದು ತೆರವುಗೊಳಿಸಿ.