ಅಜ್ಜಿಯ ಸೀರೆಗಳಿಂದ ಐವರು ಮೊಮ್ಮಕ್ಕಳಿಗೆ ಕೌದಿ: ಯಾವ ಸೀರೆ ಕತ್ತರಿಸಬೇಕು, ಯಾವುದನ್ನು ಬಿಡಬೇಕು?

ಬೆಟಗೇರಿ_ಓಣಿ (ಪ್ರಶ್ನೆ)

ಅಜ್ಜಿಯ ವರ್ಷಾಂತಿಕ ಮುಗಿದ ಮೇಲೆ ಅವರ ಟ್ರಂಕು ತೆರೆದಿದ್ದೇವೆ. ಐವರು ಮೊಮ್ಮಕ್ಕಳಿಗೂ ಅವರ ಸೀರೆಯಿಂದಲೇ ಒಂದೊಂದು ಕೌದಿ ಆಗಬೇಕೆಂಬುದು ಮನೆಯವರೆಲ್ಲರ ಆಸೆ. ಇಡೀ ಮನೆ ಅವರ ಕೌದಿಯಲ್ಲೇ ಮಲಗಿ ಬೆಳೆದದ್ದು, ಅದಕ್ಕೇ ಬೇರೆ ಯಾವ ನೆನಪಿನ ವಸ್ತುವೂ ಬೇಡ ಅನಿಸಿದೆ.

ಟ್ರಂಕಿನಲ್ಲಿ ಇರುವುದು ಇಷ್ಟು: 8 ಗಜದ ಹತ್ತಿಯ ಇಳಕಲ್ ಸೀರೆ 5, ಎಲ್ಲವೂ ಉಟ್ಟು ಮೆತ್ತಗಾದವು. ಕಸೂತಿ ಹಾಕಿದ ಚಂದ್ರಕಾಳಿ, ಅಂದರೆ ಕಪ್ಪು ಸೀರೆ, 1. ರೇಷ್ಮೆ ಸೀರೆ 1, ಮಡಿಕೆಯ ಗೆರೆಗಳಲ್ಲಿ ಸೀಳಿದೆ. ನೈಲಾನ್ ಸೀರೆ 2. ಗುಳೇದಗುಡ್ಡದ ಖಣದ ಕುಪ್ಪಸಗಳು ಒಂದು ಗಂಟಿನಷ್ಟು. ಅಜ್ಜನ ಧೋತ್ರ 5, ಅಜ್ಜಿಯೇ ಒಗೆದು ಮಡಚಿ ಎತ್ತಿಟ್ಟಿದ್ದವು.

ಇಷ್ಟರಲ್ಲಿ ಐದು ಕೌದಿ ಆಗುತ್ತವೆಯೇ? ಅಂಗಡಿಯ ಹೊಸ ಬಟ್ಟೆ ಸೇರಿಸಲೇಬೇಕೇ? ಚಂದ್ರಕಾಳಿಯನ್ನೂ ಪಾಲು ಮಾಡಿ ಎಲ್ಲರಿಗೂ ತುಂಡು ಹಂಚಬೇಕೆಂದು ಒಬ್ಬರ ಮಾತು, ಬೇಡ ಎಂದು ಇನ್ನೊಬ್ಬರದು. ಹೊಲಿಯಲು ಮನೆಯಲ್ಲಿ ಇಬ್ಬರು ಸಿದ್ಧರಿದ್ದಾರೆ. ಕೈಹೊಲಿಗೆ ಗೊತ್ತು, ಕೌದಿ ಗೊತ್ತಿಲ್ಲ.

ಅರಿವೆ_ಗಂಟು

ಐದೂ ಆಗುತ್ತವೆ. ಹೊಸ ಬಟ್ಟೆ ಬೇಕಿಲ್ಲ. ಹೊಸ ಬಟ್ಟೆ ಮೊದಲ ಒಗೆತಕ್ಕೇ ಕುಗ್ಗುತ್ತದೆ, ಹಳೆಯದು ಕುಗ್ಗುವುದಿಲ್ಲ. ಎರಡನ್ನೂ ಸೇರಿಸಿ ಹೊಲಿದರೆ ಕೌದಿ ಒಂದು ಮಗ್ಗುಲಿಗೆ ಮುದುಡಿಕೊಳ್ಳುತ್ತದೆ.

ಲೆಕ್ಕ ನೋಡಿ. 8 ಗಜದ ಸೀರೆ ಅಂದರೆ ಸುಮಾರು 7.3 ಮೀಟರ್. ಅಷ್ಟೂ ಉಪಯೋಗಕ್ಕೆ ಬರುವುದಿಲ್ಲ. ಕಾಲಿಗೆ ತಾಗುವ ಅಂಚು, ಸೊಂಟಕ್ಕೆ ಸಿಕ್ಕಿಸುವ ಜಾಗ, ಕೂತು ಎದ್ದು ಸವೆದ ಭಾಗ ಮೊದಲೇ ಹೋಗಿರುತ್ತವೆ. ನಿರಿಗೆಯ ಒಳಮಡಿಕೆಗಳಲ್ಲಿ ಮಾತ್ರ ಬಟ್ಟೆ ಗಟ್ಟಿ ಉಳಿದಿರುತ್ತದೆ. ಒಂದು ಸೀರೆಯಲ್ಲಿ ನಾಲ್ಕೂವರೆಯಿಂದ ಐದು ಮೀಟರ್ ಒಳ್ಳೆಯ ಬಟ್ಟೆ ಸಿಕ್ಕರೆ ಐದು ಸೀರೆಗೆ 23-24 ಮೀಟರ್ ಆಯಿತು. ಒಬ್ಬರು ಹೊದೆಯುವ ಕೌದಿಗೆ ಮೂರೂವರೆ ಅಡಿ ಅಗಲ, ಆರೂಕಾಲು ಅಡಿ ಉದ್ದ ಸಾಕು. ಅದಕ್ಕೆ ನಾಲ್ಕು ಪದರ ಬೇಕು. ನಾಲ್ಕನ್ನೂ ಸೀರೆಯಿಂದಲೇ ತೆಗೆಯಲು ಹೊರಟರೆ ಮೂರನೇ ಕೌದಿ ಮುಗಿಯುವ ಮೊದಲೇ ಬಟ್ಟೆ ತೀರಿಹೋಗುತ್ತದೆ.

ಆದ್ದರಿಂದ ಧೋತ್ರಗಳನ್ನು ಒಳಗೆ ಹಾಕಿ. ಒಂದು ಧೋತ್ರ ಹತ್ತಿರ ಹತ್ತಿರ 4 ಮೀಟರ್ ಇರುತ್ತದೆ. ನಡುವಿಗೆ ಮಡಚಿದರೆ ಒಂದು ಕೌದಿಯ ಎರಡು ಒಳಪದರ. ಮೇಲೊಂದು, ಕೆಳಗೊಂದು ಸೀರೆಯ ಪದರ, ತಲಾ 2.1 ಮೀಟರ್. ಹಾಗಾದರೆ ಐದು ಕೌದಿಗೆ 21 ಮೀಟರ್ ಸೀರೆ, ಐದು ಧೋತ್ರ. ನಿಮ್ಮಲ್ಲಿ ಇರುವುದೂ ಅಷ್ಟೇ. ಅಜ್ಜನ ಧೋತ್ರ ಒಳಗೆ, ಅಜ್ಜಿಯ ಸೀರೆ ಹೊರಗೆ: ಲೆಕ್ಕಕ್ಕಾಗಿ ಮಾಡಿದ್ದಾದರೂ ನಿಮ್ಮ ಮನೆಗೆ ಇದಕ್ಕಿಂತ ಒಳ್ಳೆಯ ಕೌದಿ ಇಲ್ಲ.

ಒಬ್ಬರಿಗೆ ಒಂದು ಸೀರೆ ಎಂದು ಹಂಚಬೇಡಿ. ಚೆಂದದ್ದು ಯಾರಿಗೆ ಎಂಬ ಮಾತು ಹುಟ್ಟುತ್ತದೆ. ಕೆಳಪದರಕ್ಕೆ ಒಂದೇ ಸೀರೆಯ ಅಖಂಡ ತುಂಡು ಇರಲಿ. ಮೇಲ್ಪದರಕ್ಕೆ ಐದೂ ಸೀರೆಗಳಿಂದ ಒಂದೊಂದು ಪಟ್ಟಿ ಬರಲಿ. ಪ್ರತಿ ಪಟ್ಟಿ ಸುಮಾರು 42 ಸೆಂ.ಮೀ. ಕತ್ತರಿಸಿ, ಜೋಡಿಸುವಲ್ಲಿ ಎರಡೂ ಕಡೆ ಒಂದೊಂದು ಸೆಂ.ಮೀ. ಒಳಗೆ ಹೋದರೆ ಐದೂ ಸೇರಿ 2 ಮೀಟರ್ ಆಗುತ್ತದೆ. ಆಗ ಯಾರ ಕೌದಿ ಬಿಡಿಸಿದರೂ ಅಜ್ಜಿ ಉಟ್ಟ ಅಷ್ಟೂ ಇಳಕಲ್ ಅದರಲ್ಲಿರುತ್ತದೆ.

ಕತ್ತರಿ ಹಾಕುವ ಮೊದಲು ಪ್ರತಿ ಸೀರೆಯನ್ನೂ ಬೆಳಕಿಗೆ ಹಿಡಿದು ನೋಡಿ. ಎರಡು ಹೆಬ್ಬೆರಳ ನಡುವೆ ಎರಡು ಅಂಗುಲ ಬಟ್ಟೆ ಹಿಡಿದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಜಗ್ಗಿ. ಚರ್ ಎಂದರೆ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಬಿಟ್ಟುಬಿಡಿ. ಎಳೆ ಸತ್ತ ಬಟ್ಟೆಯನ್ನು ನಡುವೆ ಸೇರಿಸಿದರೆ ಹೊಲಿಗೆಯ ಗೆರೆಗುಂಟ ಹರಿದು ಒಳಗೇ ಉಂಡೆಯಾಗುತ್ತದೆ.

ನೈಲಾನ್ ಸೀರೆಗಳನ್ನು ಸೇರಿಸಬೇಡಿ. ಬೆವರು ಹೀರುವುದಿಲ್ಲ, ಹತ್ತಿಯ ಮೇಲೆ ಜಾರುತ್ತದೆ, ಹೊಲಿಗೆ ನಿಲ್ಲುವುದಿಲ್ಲ. ಅವುಗಳಿಂದ ಕೈಚೀಲ ಹೊಲಿಸಿ.

ಮಗ್ಗದ_ಗುಂಡಿ

ಇಳಕಲ್ ಸೀರೆಯ ಬಗ್ಗೆ ಒಂದು ಮಾತು, ಕತ್ತರಿಸುವ ಮೊದಲೇ ಓದಿ. ಇದರ ಸೆರಗಿಗೆ ಬೇರೆ ಹಾಸು (ಮಗ್ಗದ ಉದ್ದದ ಎಳೆಗಳು), ಒಡಲಿಗೆ ಬೇರೆ ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿಯ ಗೆರೆಯ ಮೇಲೆ ಕತ್ತರಿ ಆಡಿಸಿದರೆ ಎಳೆ ಬಿಚ್ಚುತ್ತಾ ಹೋಗುತ್ತದೆ. ಗೆರೆಯಿಂದ ಎರಡು ಬೆರಳು ಒಡಲಿನ ಕಡೆಗೆ ಬಿಟ್ಟು ಕತ್ತರಿಸಿ.

ಸೆರಗು ರೇಷ್ಮೆಯೋ ಕೃತಕ ರೇಷ್ಮೆಯೋ ಆಗಿರುತ್ತದೆ, ಒಡಲು ಹತ್ತಿ. ಎರಡೂ ಒಂದೇ ವೇಗದಲ್ಲಿ ಸವೆಯುವುದಿಲ್ಲ. ತೋಪ ತೆನೆ ವಿನ್ಯಾಸದ ಸೆರಗು ಮೇಲ್ಪದರದಲ್ಲಿ ಇರಲೇಬೇಕೆಂದರೆ ಕಾಲಿನ ಕಡೆ ಬೇಡ, ನಡುವೆ ಇರಲಿ, ಅದರ ಕೆಳಗೆ ಒಂದು ಹತ್ತಿಯ ತುಂಡು ಹೆಚ್ಚಿಗೆ ಇರಲಿ. ಸೆರಗಿನ ಕೆಂಪು ಬಣ್ಣ ಬಿಡುವುದುಂಟು. ಒದ್ದೆ ಬಿಳಿ ಬಟ್ಟೆ ಒತ್ತಿ ಹತ್ತು ನಿಮಿಷ ಬಿಡಿ, ಗುಲಾಬಿ ಕಲೆ ಬಂದರೆ ಆ ಸೀರೆಯನ್ನು ತಣ್ಣೀರಿನಲ್ಲಿ ಬೇರೆಯಾಗಿಯೇ, ನೀರು ತಿಳಿಯಾಗುವವರೆಗೆ ಜಾಲಿಸಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವುದನ್ನು ನಂಬಿ ಧೋತ್ರದ ಜೊತೆ ಹೊಲಿಯಬೇಡಿ. ಬಿಳಿ ಧೋತ್ರ ಒಂದು ಸಲ ಕೆಂಪಾದರೆ ಮತ್ತೆ ಬಿಳಿಯಾಗುವುದಿಲ್ಲ.

ಚಂದ್ರಕಾಳಿಗೆ ಕತ್ತರಿ ಮುಟ್ಟಿಸಬೇಡಿ. ಕಸೂತಿ ಎಂದರೆ ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಹೊಲಿದದ್ದು. ಗಂಟಿಲ್ಲದ ಕಾರಣ ಕತ್ತರಿಸಿದ ಅಂಚಿನಲ್ಲಿ ಗೋಪುರವೋ ತುಳಸಿಕಟ್ಟೆಯೋ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಐದು ತುಂಡು ಮಾಡಿದರೆ ಐವರಿಗೂ ಏನೂ ಉಳಿಯುವುದಿಲ್ಲ. ಒಗೆದು ಮೆತ್ತಗಾದ ಬಿಳಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿಗೆ ಹಾಕದೆ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ಇಡಿ. ನಿಮ್ಮ ರೇಷ್ಮೆ ಸೀರೆ ಸೀಳಿದ್ದು ಮಡಿಕೆ ಬದಲಿಸದೆ ಇಟ್ಟದ್ದಕ್ಕೇ ಇರಬೇಕು. ನುಸಿಗುಳಿಗೆ ಬಟ್ಟೆಗೆ, ಅದರಲ್ಲೂ ಜರಿಗೆ, ನೇರ ತಾಗಬಾರದು. ಮನೆಯಲ್ಲಿ ಮದುವೆಯಾಗುವ ಹೆಣ್ಣುಮಕ್ಕಳು, ಬರುವ ಸೊಸೆಯಂದಿರು ಸಂಕ್ರಾಂತಿಗೆ ಸರದಿಯಂತೆ ಉಡಲಿ. ಪಾಲು ಅಂದರೆ ಹಾಗೆ ಆಗಬೇಕು.

ಕುಬಸದ_ಅಂಚು

ನೋಡ್ರಿ, ಲೆಕ್ಕ ಮ್ಯಾಲಿನವರು ಬರಾಬರಿ ಹೇಳ್ಯಾರ. ನಾ ಹೊಲಿಗಿ ಹೇಳ್ತೀನಿ. ಕೌದಿ ಕೆಡೋದು ಹೊಲ್ಯೋದ್ರಾಗ ಕಡಿಮಿ, ಹಾಸೋದ್ರಾಗ ಜಾಸ್ತಿ.

ಸೀರಿ ಧೋತ್ರ ಎಲ್ಲಾ ಮೊದಲ ಬಿಸಿ ನೀರಾಗಲ್ಲ, ತಣ್ಣೀರಾಗ ಬ್ಯಾರೆ ಬ್ಯಾರೆಯಾಗಿ ರಾತ್ರಿ ನೆನಿ ಇಡ್ರಿ. ಹಳೀ ಗಂಜಿ ಬಿಡಬೇಕು, ಗಂಜಿ ಉಳದ್ರ ಹುಳಾ ಬರ್ತಾವ. ಆಮ್ಯಾಲೆ ಅಂಟವಾಳಕಾಯಿ ನೀರಾಗ ಹಗೂರ ತೊಳದು ನೆರಳಾಗ ಒಣಗಸ್ರಿ. ಕೌದಿ ಬ್ಯಾಸಗ್ಯಾಗ ಹೊಲೀರಿ. ಮಳಿಗಾಲದಾಗ ಹೊಲದ್ರ ತಂಪು ಒಳಗ ಉಳದು ಬೂಷ್ಟು ಹಿಡೀತದ.

ನೆಲಾ ಕಸಾ ಹೊಡದು ಒರಸಿ, ಕೆಳಗಿನ ಸೀರಿ ಹಾಸ್ರಿ, ನಾಕೂ ಮೂಲಿಗೆ ಭಾರ ಇಡ್ರಿ. ನಡುವಿನಿಂದ ಹೊರಗ ಅಂಗೈಲೆ ಸವರ್ರಿ. ಅದರ ಮ್ಯಾಲ ಮಡಚಿದ ಧೋತ್ರ, ಮತ್ತ ಸವರ್ರಿ. ಅದರ ಮ್ಯಾಲ ಪಟ್ಟಿ ಕೂಡಿಸಿದ ಸೀರಿ. ಧೋತ್ರ ಸುತ್ತಲೂ ಸೀರಿಗಿಂತ ಒಂದು ಅಂಗುಲ ಒಳಗ ಇರಬೇಕು. ಮ್ಯಾಲಿನ ಸೀರಿ, ಕೆಳಗಿನ ಸೀರಿ ಎರಡರ ಅಂಚನೂ ಒಳಗ ಮಡಚಿ ಎದುರಾಬದುರಾ ಕೂಡಸ್ರಿ.

ಈಗ ಕಚ್ಚಾ ಹೊಲಿಗಿ. ಇದನ್ನ ಬಿಟ್ಟವರ ಕೌದಿನೇ ಉಬ್ಬಿ ನಿಲ್ಲತದ. ಗೇಣಿಗೊಂದರಂಗ, ನಡುವಿನಿಂದ ಅಂಚಿನ ಕಡೆ, ಉದ್ದಕೂ ಅಡ್ಡಕೂ ಉದ್ದನ್ನ ಹೊಲಿಗಿ ಹಾಕ್ರಿ. ಕೆಲಸ ಮುಗದ ಮ್ಯಾಲ ಬಿಚ್ಚಬೇಕು, ಅದಕ್ಕ ಬ್ಯಾರೆ ಬಣ್ಣದ ದಾರ ತಗೋರಿ.

ಖರೇ ಹೊಲಿಗಿಗೆ ದಪ್ಪನ್ನ ಹತ್ತಿ ದಾರಾನೇ ಬೇಕು. ಮಷೀನಿನ ಪಾಲಿಯೆಸ್ಟರ್ ದಾರ ಹಳೀ ಅರಿವಿಗಿಂತ ಗಟ್ಟಿ ಇರ್ತದ, ಜಗ್ಗಿದಾಗ ಅರಿವೀನೇ ಕೊಯ್ತದ. ಮಷೀನ್ ಹೊಲಿಗೀನೂ ಬ್ಯಾಡ, ಒತ್ತೊತ್ತಾಗಿ ತೂತು ಬಿದ್ದು ಅದೇ ಗೆರಿಗುಂಟ ಹರೀತದ. ದಾರ ಒಂದೂವರಿ ಮೊಳಕ್ಕಿಂತ ಉದ್ದ ಬ್ಯಾಡ, ಸಿಕ್ಕ ಬೀಳ್ತದ, ಎಳದೆಳದು ಸವೀತದ. ಗಂಟು ಪದರದ ನಡುವ ಮುಚ್ಚಿ ಹೋಗಬೇಕು.

ಮೊದಲ ಅಂಚಿಗೆ ಎರಡು ಸುತ್ತು. ಆಮ್ಯಾಲೆ ಅಂಚಿನಿಂದ ಒಳಗ, ಒಂದು ಬೆರಳು ಬಿಟ್ಟು ಒಂದು ಗೆರಿ, ಸುತ್ತಿಗೆ ಸುತ್ತು. ಒಂದೊಂದು ಹೊಲಿಗಿ ಜೋಳದ ಕಾಳಿನಷ್ಟು. ನಾಕೈದು ಸೂಜಿಗೆ ಏರಿಸಿ ಒಮ್ಮೆ ದಾರ ಎಳೀರಿ. ಗೆರಿ ಎರಡು ಬೆರಳು ದೂರ ಆದ್ರ ಒಗ್ಯೋವಾಗ ಒಳಗಿನ ಧೋತ್ರ ಗಂಟು ಕಟ್ಟತದ. ಈ ಅಳತಿ ಕೌದಿಗೆ ಸುಮಾರು 100 ಮೀಟರ್ ಗೆರಿ ಬರ್ತದ, ದಾರ 130 ಮೀಟರ್ ಹಿಡೀರಿ. ತಾಸಿಗೆ ಎರಡೂವರಿ ಮೀಟರ್ ಅಂದ್ರ 40 ತಾಸಿನ ಕೆಲಸ. ಇಬ್ಬರು ದಿನಾ ಎರಡೆರಡು ತಾಸು ಕೂತ್ರ ಹತ್ತು ದಿನ.

ಇಬ್ಬರು ಕೂತಾಗ ಒಬ್ಬರ ಕೈ ಬಿಗಿ, ಒಬ್ಬರ ಕೈ ಸಡಲ ಇರ್ತದ. ಕೌದಿ ಸೊಟ್ಟ ಆಗಬಾರದು ಅಂದ್ರ ಪ್ರತಿ ಸುತ್ತಿಗೊಮ್ಮೆ ಜಾಗಾ ಅದಲು ಬದಲು ಮಾಡ್ರಿ.

ಬೆಟಗೇರಿ_ಓಣಿ

ಎಲ್ಲರಿಗೂ ನಮಸ್ಕಾರ. ಚಂದ್ರಕಾಳಿ ಇಡಿಯಾಗಿಯೇ ಉಳಿಯುತ್ತದೆ, ಮಾತು ಮುಗಿಯಿತು. ಇನ್ನೆರಡು ಕೇಳುವುದಿದೆ. ತೊಳೆದರೆ ಅಜ್ಜಿಯ ವಾಸನೆ ಹೋಗುತ್ತದೆಂದು ಚಿಕ್ಕಮ್ಮ ಸೀರೆ ನೀರಿಗೆ ಹಾಕಲು ಬಿಡುತ್ತಿಲ್ಲ. ಮತ್ತೆ, ಖಣಗಳನ್ನು ಏನು ಮಾಡುವುದು? ಮನೆಯಲ್ಲಿ ಒಂದು ಹಸುಗೂಸೂ ಇದೆ, ಉಳಿದ ತುಂಡುಗಳಲ್ಲಿ ಅದಕ್ಕೂ ಏನಾದರೂ ಆಗಬಹುದೇ?

ಹಳಿಯಾಳ_ದಾರಿ

ಖಣಕ್ಕೆ ಒಂದು ಒಳ್ಳೆಯ ಜಾಗವಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ (ಅವರ ಕೌದಿ) ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಡಚಿ ಮಾಡಿದ ತ್ರಿಕೋನಗಳಿರುತ್ತವೆ, ಅದಕ್ಕೆ ಫೂಲ ಅನ್ನುತ್ತಾರೆ. ಫೂಲ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಮೂಲೆಯೇ ಮೊದಲು ಸವೆಯುವುದರಿಂದ ಅಲ್ಲಿ ದಪ್ಪ ಪದರ ಇದ್ದರೆ ಬಾಳಿಕೆಗೂ ಒಳ್ಳೆಯದು. ಖಣದ ಹತ್ತು ಸೆಂ.ಮೀ. ಚೌಕವನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಮಡಚಿದರೆ ತ್ರಿಕೋನ ಸಿಗುತ್ತದೆ. ಒಂದರ ಮೇಲೊಂದು ಸ್ವಲ್ಪ ಸರಿಸಿ ಮೂರು ಇಟ್ಟು, ಅಂಚು ಕೂಡಿಸುವಾಗಲೇ ನಡುವೆ ಸೇರಿಸಿ ಹೊಲಿಯಿರಿ. ಆಮೇಲೆ ಮೇಲಿನಿಂದ ಹಚ್ಚಿದರೆ ಒಗೆದಾಗ ಕಿತ್ತು ಬರುತ್ತದೆ. ಕುಪ್ಪಸದ ಕಂಕುಳ ಭಾಗ ಬೆವರಿಗೆ ಸುಟ್ಟಿರುತ್ತದೆ, ಬೆನ್ನಿನ ಭಾಗ ತೆಗೆದುಕೊಳ್ಳಿ.

ಕವಂದಿಯಲ್ಲಿ ಕಚ್ಚಾ ಹೊಲಿಗೆ ಹಾಕುವುದಿಲ್ಲ. ಮೂಲೆಯಿಂದ ಶುರುಮಾಡಿ, ತುಂಡುಗಳನ್ನು ಒಂದೊಂದಾಗಿ ಅಂಚು ಮಡಚಿ ಇಡುತ್ತಾ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಸಡಿಲ ಬಂದಷ್ಟೂ ಮುಂದಿನ ತುಂಡಿನ ಮಡಿಕೆಯಲ್ಲಿ ಅಡಗುತ್ತದೆ. ನಿಮ್ಮದು ಪಟ್ಟಿಯ ಕೌದಿ, ಸಡಿಲ ಅಡಗಲು ಜಾಗವಿಲ್ಲ. ಹಾಗಾಗಿ ಮೇಲೆ ಹೇಳಿದಂತೆ ಕಚ್ಚಾ ಹೊಲಿಗೆ ಬೇಕೇ ಬೇಕು. ಆದರೂ ನಡುವೆ ಉಬ್ಬಿದರೆ ಕೊನೆಯ ಆರೇಳು ಸುತ್ತು ಬಿಚ್ಚಿ, ಮೇಲ್ಪದರದಲ್ಲಿ ಒಂದು ಸಣ್ಣ ನಿರಿಗೆ ಹಿಡಿದು, ಅದರ ಮೇಲೆ ಖಣದ ಒಂದು ಚೌಕ ಹಚ್ಚಿ. ಜಗ್ಗಿ ಸರಿಮಾಡಲು ಹೋಗಬೇಡಿ.

ಅರಿವೆ_ಗಂಟು

ವಾಸನೆಯ ಮಾತಿಗೆ: ಚಿಕ್ಕಮ್ಮನ ಸಂಕಟ ನ್ಯಾಯವಾದದ್ದೇ. ಅವರು ಆರಿಸಿದ ಒಂದು ತುಂಡು, ಬೇಕಿದ್ದರೆ ಒಂದು ಇಡೀ ಕುಪ್ಪಸ, ತೊಳೆಯದೆ ತೆಗೆದಿಡಿ. ಸ್ವಚ್ಛ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಬೇರೆ ಬಟ್ಟೆಗಳಿಂದ ದೂರ ಇಡಿ. ಪದೇ ಪದೇ ತೆರೆದಷ್ಟೂ ವಾಸನೆ ಬೇಗ ಹಾರುತ್ತದೆ. ಕೌದಿಗೆ ಹೋಗುವ ಸೀರೆ ಮಾತ್ರ ತೊಳೆಯಲೇಬೇಕು. ಹಳೆಯ ಬೆವರು, ಎಣ್ಣೆ ಉಳಿದರೆ ಬಟ್ಟೆ ಹಳದಿಗಟ್ಟಿ ಎಳೆ ಸಾಯುತ್ತದೆ.

ಕತ್ತರಿ ಹಾಕುವ ಮುನ್ನ ಇನ್ನೊಂದು ಕೆಲಸ. ಪ್ರತಿ ಸೀರೆಯನ್ನೂ ಹಗಲು ಬೆಳಕಿನಲ್ಲಿ ಪೂರ್ತಿ ಬಿಡಿಸಿ ಫೋಟೋ ತೆಗೆಯಿರಿ: ಒಡಲು, ಸೆರಗು, ದಡಿ ಬೇರೆ ಬೇರೆ. ದಡಿಯ ವಿನ್ಯಾಸ ಗೋಮಿಯೋ, ಪರಾಸವೋ, ಗಾಡಿಯೋ ಬರೆದಿಡಿ. ಮನೆಯ ಹಿರಿಯರನ್ನು ಒಟ್ಟಿಗೆ ಕೂರಿಸಿ ಒಂದೊಂದು ಸೀರೆ ಅವರ ಕೈಗೆ ಕೊಟ್ಟು ಕೇಳಿ: ಯಾರು ತಂದದ್ದು, ಯಾವ ಸಂತೆಯಿಂದ, ಯಾರ ಮದುವೆಗೆ, ಯಾವ ಬಾಣಂತನದಲ್ಲಿ ಉಟ್ಟದ್ದು. ಫೋನಿನಲ್ಲಿ ದನಿ ಹಿಡಿದುಕೊಳ್ಳಿ. ಫೋಟೋ ತೋರಿಸಿ ಕೇಳಿದರೆ ಇಷ್ಟು ಬರುವುದಿಲ್ಲ, ಬಟ್ಟೆ ಕೈಯಲ್ಲಿದ್ದಾಗ ಮಾತು ತಾನಾಗಿ ಬರುತ್ತದೆ. ಇಬ್ಬರ ಮಾತು ಬೇರೆಬೇರೆಯಾದರೆ ಎರಡನ್ನೂ ಬರೆಯಿರಿ. ಅದರ ಸಾರ ಬಿಳಿ ಪಟ್ಟಿಯ ಮೇಲೆ ದಾರದಲ್ಲೇ ಹೊಲಿದು ಕೌದಿಯ ಹಿಂಬದಿಗೆ ಹಚ್ಚಿ: ಅಜ್ಜಿಯ ಹೆಸರು, ಊರು, ಇಸವಿ, ಮೇಲಿನಿಂದ ಕೆಳಗೆ ಪಟ್ಟಿಗಳ ಕ್ರಮ. ಬಾಲ್‌ಪೆನ್ನಿನ ಮಸಿ ಒಗೆತಕ್ಕೆ ಹರಡಿ ಮಾಯವಾಗುತ್ತದೆ.

ಹಸುಗೂಸಿಗೆ ಎರಡೂವರೆ ಅಡಿಗೆ ಮೂರಡಿ, ಮೂರೇ ಪದರ ಸಾಕು. ಅತಿ ಮೆತ್ತಗಿನ ಭಾಗ ಮೇಲೆ ಬರಲಿ. ಖಣ, ಜರಿ, ಫೂಲ ಯಾವುದೂ ಬೇಡ. ಖಣ ಒರಟು, ಜರಿ ಗೀರುತ್ತದೆ, ಫೂಲ ಬಾಯಿಗೆ ಹೋಗುತ್ತದೆ. ಹಾಸಲು ಮಾತ್ರ ಬಳಸಿ, ಹೊದಿಸಬೇಡಿ.

ಕುಬಸದ_ಅಂಚು

ಒಗ್ಯೋದೂ ಹೇಳಿಬಿಡ್ತೀನಿ. ವರ್ಷಕ್ಕ ಎರಡು ಸಲ ಸಾಕು. ನಮ್ಮ ಕಡೆ ಮಹಾನವಮಿ ಮುಂದ ಹಾಸಿಗಿ ಎಲ್ಲಾ ಹಳ್ಳಕ್ಕ ಒಯ್ತಾರಲ್ರೀ, ಆವಾಗೊಮ್ಮೆ, ಯುಗಾದಿ ಮುಂದ ಒಮ್ಮೆ. ಆದ್ರ ಈ ಕೌದಿ ಕಲ್ಲಿಗೆ ಬಡೀಬ್ಯಾಡ್ರಿ, ಮಷೀನಿಗೂ ಹಾಕಬ್ಯಾಡ್ರಿ. ದೊಡ್ಡ ಬುಟ್ಟ್ಯಾಗ ಅರ್ಧ ತಾಸು ನೆನಿಸಿ ಕಾಲಿಲೆ ತುಳೀರಿ. ಹಿಂಡಬ್ಯಾಡ್ರಿ, ಮಡಚಿ ಒತ್ತಿ ನೀರು ತಗೀರಿ. ಒಂದು ಹಗ್ಗದ ಮ್ಯಾಲ ಹಾಕಿದ್ರ ಭಾರಕ್ಕ ನಡುವಿನ ಹೊಲಿಗಿ ಜಗ್ಗತದ, ಎರಡು ಹಗ್ಗದ ಮ್ಯಾಲ ಹರವ್ರಿ, ಇಲ್ಲಾ ಮಾಳಗಿ ಮ್ಯಾಲ ಚಾಪಿ ಹಾಸಿ ಹಾಕ್ರಿ. ದಾರ ಎಲ್ಲೇರ ಹರದದ್ದು ಕಂಡ್ರ ಅವತ್ತೇ ಹೊಲೀರಿ. ಒಂದು ಗೆರಿ ಬಿಟ್ರ ಮುಂದಿನ ಒಗತಕ್ಕ ನಾಕು ಗೆರಿ ಹೋಗತಾವ. ಅದಕ್ಕ ಉಳದ ದಾರ, ಎರಡು ಸೂಜಿ, ಪ್ರತಿ ಸೀರಿದೂ ಅಂಗೈಯಷ್ಟು ತುಂಡು ಒಂದು ಚೀಲದಾಗ ಹಾಕಿ ಐದೂ ಮಂದಿಗೆ ಕೌದಿ ಜೋಡಿನೇ ಕೊಡ್ರಿ.